ಮತ್ತೆ ಕೊಂದವನಿಗೆ ಗಲ್ಲೋ, ಸಾಯುವತನಕ ಸೆರೆಮನೆಯೋ?

ಮುಳಗುಂದ ನಾಕಾ:
ಎಲ್ಲರಿಗೂ ನಮಸ್ಕಾರ. ನಾನು ಗದಗದಲ್ಲಿ ಕೆಲಸಕ್ಕಿದ್ದರೂ ಮನೆ ಇರುವುದು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಪ್ರಕರಣ ಇನ್ನೂ ತನಿಖೆಯಲ್ಲಿರುವುದರಿಂದ ಊರಿನ ಹೆಸರು ಬರೆಯುವುದಿಲ್ಲ. ಮೂರು ವಾರಗಳ ಹಿಂದೆ ನಮ್ಮ ಓಣಿಯಲ್ಲಿ ಒಬ್ಬಳೇ ಇರುತ್ತಿದ್ದ, ಎಪ್ಪತ್ತು ದಾಟಿದ ಅಜ್ಜಿಯನ್ನು ಕೊರಳಿನ ಬೋರಮಾಳಕ್ಕಾಗಿ ಕೊಂದು ಹಾಕಿದರು. ಆಕೆ ನಮ್ಮ ಬಳಗದವಳಲ್ಲ. ಆದರೆ ನನ್ನ ಮಗಳು ಶಾಲೆಯಿಂದ ಬಂದವಳು ಪಾಟಿಚೀಲವನ್ನು ಮೊದಲು ಇಳಿಸುತ್ತಿದ್ದುದು ಆಕೆಯ ಕಟ್ಟೆಯ ಮೇಲೆ. ಅಲ್ಲಿ ಒಂದು ಶೇಂಗಾ ಉಂಡೆ ತಿಂದ ಮೇಲೆಯೇ ನಮ್ಮ ಮನೆಗೆ ಬರುತ್ತಿದ್ದಳು. ಈಗ ಆ ಕಟ್ಟೆಯನ್ನು ತಪ್ಪಿಸಿ ಆಚೆ ಬದಿಯಿಂದ ನಡೆದು ಬರುತ್ತಾಳೆ.

ಪೊಲೀಸರು ಹಿಡಿದಿರುವವನು ನಮ್ಮ ಊರಿನವನೇ. ಒಂಬತ್ತು ವರ್ಷಗಳ ಹಿಂದೆ ಇನ್ನೊಂದು ಕೊಲೆ ಮಾಡಿ ಜೈಲಿಗೆ ಹೋಗಿದ್ದವನನ್ನು ಸನ್ನಡತೆಯ ಆಧಾರದ ಮೇಲೆ ಬಿಟ್ಟರೆಂದು ಓಣಿಯ ಜನರೆಲ್ಲ ಹೇಳುತ್ತಾರೆ. ಹಾಗಿದ್ದರೆ ನನ್ನ ಪ್ರಶ್ನೆ ನೇರವಾಗಿದೆ. ಒಮ್ಮೆ ಕೊಂದು, ಹೊರಗೆ ಬಂದು, ಮತ್ತೆ ಕೊಂದವನಿಗೆ ಇನ್ನೊಂದು ಜೀವಾವಧಿ ಶಿಕ್ಷೆ ಕೊಡುವುದರಲ್ಲಿ ಅರ್ಥವಿದೆಯೇ? ಗಲ್ಲು ಬಿಟ್ಟರೆ ಇಂಥವರನ್ನು ತಡೆಯುವ ದಾರಿ ಯಾವುದು?

ಹಾನಗಲ್ಲಿನವ:
ಗಲ್ಲು. ಇದರಲ್ಲಿ ಚರ್ಚೆ ಮಾಡುವುದಾದರೂ ಏನಿದೆ?

ಬೀಜದಂಗಡಿ, ರಾಣೇಬೆನ್ನೂರು:
ಹಾನಗಲ್ಲಿನ ಅಣ್ಣಾವರು ಒಂದೇ ಮಾತಿನಲ್ಲಿ ಮುಗಿಸಿದರು, ನಾನು ಎರಡು ಮಾತು ಹೆಚ್ಚು ಬರೆಯುತ್ತೇನೆ. ನಾವು ಕಟ್ಟುವ ತೆರಿಗೆಯಲ್ಲಿ ಅವನಿಗೆ ಮೂವತ್ತು ವರ್ಷ ಅನ್ನ ಹಾಕಬೇಕು, ಕಾಯಿಲೆಯಾದರೆ ಆಸ್ಪತ್ರೆಗೆ ಒಯ್ಯಬೇಕು, ಕೊನೆಗೆ ಯಾವುದೋ ಆಗಸ್ಟ್ 15ಕ್ಕೆ ಕೈಗೊಂದು ಹೂವು ಕೊಟ್ಟು ಮನೆಗೆ ಕಳಿಸಬೇಕು. ಸತ್ತ ಅಜ್ಜಿಯ ಮನೆಗೆ ಯಾರು ಹೂವು ತಂದರು? 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರಿಗೆ ಜೈಕಾರ ಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಜನ ಸುಮ್ಮನೆ ಹಾಗೆ ಮಾಡುವುದಿಲ್ಲ. ನ್ಯಾಯಾಲಯದಿಂದ ಏನೂ ಆಗುವುದಿಲ್ಲವೆಂಬ ಬೇಸರ ಅದು.

ಕೋರ್ಟ್ ಸರ್ಕಲ್:
ಮುಳಗುಂದ ನಾಕಾ ಅವರೇ, ಅಜ್ಜಿಯ ವಿಷಯ ಓದಿ ಸಂಕಟವಾಯಿತು. ಆದರೆ ನಿಮ್ಮ ಲೆಕ್ಕ ಕೂಡುತ್ತಿಲ್ಲ. ಕೊಲೆಗಾಗಿ ಜೀವಾವಧಿ ಶಿಕ್ಷೆಯಾದವನನ್ನು 14 ವರ್ಷ ಪೂರ್ತಿ ಜೈಲಿನೊಳಗೆ ಕಳೆಯುವ ಮೊದಲು ಸರ್ಕಾರವು ಶಿಕ್ಷೆ ಮಾಫಿ ಮಾಡಿ ಬಿಡುವಂತಿಲ್ಲ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 433ಎ ಕಲಂ ಹಾಗೆಯೇ ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 475ನೆಯ ಕಲಂ ಕೂಡ ಅದನ್ನೇ ಹೇಳುತ್ತದೆ. ನೀವು ಹೇಳುವ ಕೊಲೆ ನಡೆದೇ ಒಂಬತ್ತು ವರ್ಷವಾಗಿದೆ. ಹಾಗಾದರೆ ಅವನು ಹೇಗೆ ಹೊರಗೆ ಬಂದ? ಅದನ್ನು ತಿಳಿಯದೆ ಗಲ್ಲು ಬೇಕೋ ಬೇಡವೋ ಎಂದು ಮಾತನಾಡುವುದು ರೋಗ ನೋಡದೆ ಔಷಧ ಬರೆದಂತೆ. ತೀರ್ಪಿನ ಪ್ರತಿ ಸಿಕ್ಕರೆ ನೋಡಿ.

ಇನ್ನೊಂದು ಮಾತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ, ಹಗಲಿಗೊಂದು ರಾತ್ರಿಗೊಂದು ದಿನ ಹಿಡಿದರೆ ಏಳೇ ವರ್ಷ ಎಂದು ಕಕ್ಷಿದಾರರು ಇಂದಿಗೂ ನನ್ನ ಮುಂದೆ ಕುಳಿತು ಲೆಕ್ಕ ಹಾಕುತ್ತಾರೆ. ಅದು ಶುದ್ಧ ಕಟ್ಟುಕಥೆ. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ಗೋಡ್ಸೆ ಪ್ರಕರಣದಲ್ಲಿಯೇ ಹೇಳಿಯಾಗಿದೆ. ಹದಿನಾಲ್ಕು ಎಂಬುದು ಮಾಫಿ ಕೇಳುವ ಬಾಗಿಲು ಎಲ್ಲಿಂದ ಶುರುವಾಗುತ್ತದೆ ಎಂಬ ಗುರುತು, ಅಷ್ಟೇ.

ಉಣಕಲ್ ಕೆರೆ ದಂಡೆ:
ಬೀಜದಂಗಡಿ ಅಣ್ಣಾ, ಜೈಕಾರದ ವಿಷಯ ನೀವು ಎತ್ತಿದ್ದರಿಂದ ಕೇಳುತ್ತೇನೆ. ಅಂದು ಸತ್ತವನೇ ಅಪರಾಧಿ ಎಂದು ಯಾವ ನ್ಯಾಯಾಧೀಶರು ಸಾಕ್ಷಿ ಕೇಳಿ ತೀರ್ಮಾನಿಸಿದರು? ಆ ಮಗುವಿಗಾಗಿ ನಾನೂ ಅತ್ತಿದ್ದೇನೆ. ಅಳುವುದು ಬೇರೆ, ತೀರ್ಪು ಬೇರೆ. ಸಾಕ್ಷಿ ಕೇಳಿಯೇ ಸುಪ್ರೀಂ ಕೋರ್ಟ್‌ನವರೆಗೆ ತಪ್ಪಾದದ್ದೂ ಇದೆ. ಮಹಾರಾಷ್ಟ್ರದ ಅಂಕುಶ ಮಾರುತಿ ಶಿಂದೆ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಮಂದಿಗೆ ಸುಪ್ರೀಂ ಕೋರ್ಟೇ 2009ರಲ್ಲಿ ಗಲ್ಲು ಖಾಯಂ ಮಾಡಿತ್ತು. ಅದೇ ಸುಪ್ರೀಂ ಕೋರ್ಟ್ 2019ರಲ್ಲಿ ಆ ಆರೂ ಮಂದಿ ನಿರಪರಾಧಿಗಳೆಂದು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯಕ್ಕೆ ಹೇಳಿತು. ನಡುವಿನ ಹತ್ತು ವರ್ಷಗಳಲ್ಲಿ ಗಲ್ಲಿಗೇರಿಸಿದ್ದರೆ ಆ 5 ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದೆವು?

ಬೀಜದಂಗಡಿ, ರಾಣೇಬೆನ್ನೂರು:
ತಂಗೀ, ಅನುಮಾನವಿರುವ ಪ್ರಕರಣವನ್ನು ತೋರಿಸಿ ಅನುಮಾನವೇ ಇಲ್ಲದ ಪ್ರಕರಣವನ್ನು ಮುಚ್ಚಬೇಡ. ಉಮೇಶ ರೆಡ್ಡಿಯನ್ನು ನೆನಪಿಸಿಕೊ. ಸಿಆರ್‌ಪಿಎಫ್‌ನಲ್ಲಿ ಕಾನ್‌ಸ್ಟೆಬಲ್ ಆಗಿದ್ದವನು, ಒಂದರ ಮೇಲೊಂದು ಅತ್ಯಾಚಾರ ಮಾಡಿದ, ಪೊಲೀಸರ ವಶದಿಂದ ತಪ್ಪಿಸಿಕೊಂಡು ಹೋಗಿ 1998ರಲ್ಲಿ ಬೆಂಗಳೂರಿನಲ್ಲಿ ಒಬ್ಬ ವಿಧವೆಯನ್ನು ಕೊಂದ. ಕೆಳಗಿನ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ರಾಷ್ಟ್ರಪತಿ, ಎಲ್ಲರೂ ಗಲ್ಲೇ ಸರಿ ಎಂದರು. ಆದರೂ 2022ರಲ್ಲಿ ಗಲ್ಲು ರದ್ದಾಯಿತು. ಇದಕ್ಕೆ ಏನು ಹೇಳುತ್ತೀ?

ಕೋರ್ಟ್ ಸರ್ಕಲ್:
ಅದಕ್ಕೆ ಉತ್ತರ ನಾನು ಕೊಡುತ್ತೇನೆ. ಉಮೇಶ ಬದಲಾಗಿದ್ದಾನೆಂದು ಗಲ್ಲು ರದ್ದಾಗಲಿಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಸುಮಾರು 10 ವರ್ಷ ಒಂಟಿ ಕೊಠಡಿಯಲ್ಲಿ ಇಟ್ಟಿದ್ದರು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲು ಮರಣದಂಡನೆಯ ಕೈದಿಯನ್ನು ಹಾಗೆ ಇಡಬಾರದೆಂದು 1978ರ ಸುನಿಲ್ ಬಾತ್ರಾ ತೀರ್ಪಿನಿಂದಲೂ ಕಾನೂನಿದೆ. ಸರ್ಕಾರವೇ ಕಾನೂನು ಮುರಿದದ್ದರಿಂದ ಶಿಕ್ಷೆ ಇಳಿಯಿತು, ಆದರೂ ಕನಿಷ್ಠ 30 ವರ್ಷ ಮಾಫಿ ಇಲ್ಲವೆಂಬ ಷರತ್ತು ಹಾಕಿದರು. ಅದೇ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ಗಲ್ಲು 2014ರ ಜನವರಿಯಲ್ಲಿ ರದ್ದಾದದ್ದು ಕ್ಷಮಾದಾನದ ಅರ್ಜಿಯನ್ನು ವರ್ಷಗಟ್ಟಲೆ ಹಾಗೆಯೇ ಇಟ್ಟಿದ್ದಕ್ಕೆ. ಆ ಜೈಲಿನಲ್ಲಿ ಗಲ್ಲುಗಂಬವಿದ್ದರೂ ನಾಲ್ಕು ದಶಕಗಳಿಂದ ಯಾರನ್ನೂ ಅಲ್ಲಿ ಏರಿಸಿಲ್ಲ. ಇಡೀ ದೇಶದಲ್ಲಿ ಕೊನೆಯದಾಗಿ ಗಲ್ಲಾದದ್ದು 2020ರ ಮಾರ್ಚ್ 20ರಂದು, ತಿಹಾರದಲ್ಲಿ. ಹೀಗಿರುವಾಗ "ಗಲ್ಲು" ಎಂದು ತೀರ್ಪು ಬರೆಸಿಕೊಂಡು ಬಂದ ಕುಟುಂಬಕ್ಕೆ ನಿಜವಾಗಿ ಸಿಗುವುದು ಹದಿನೈದು ಇಪ್ಪತ್ತು ವರ್ಷಗಳ ಮೇಲ್ಮನವಿ, ಅರ್ಜಿ ಮತ್ತು ದಿನಾಂಕಗಳು.

ಹಾನಗಲ್ಲಿನವ:
ಅದು ಗಲ್ಲಿನ ತಪ್ಪಲ್ಲ, ಏರಿಸದವರ ತಪ್ಪು.

ನಿವೃತ್ತ ಪಹರೆ:
ನಾನು ಧಾರವಾಡದವನು, ರಾಜ್ಯದ ಬೇರೆ ಬೇರೆ ಜೈಲುಗಳಲ್ಲಿ ಮೂವತ್ತೊಂದು ವರ್ಷ ವಾರ್ಡರ್ ಆಗಿ ಕೆಲಸ ಮಾಡಿ ಮನೆಯಲ್ಲಿ ಕುಳಿತಿದ್ದೇನೆ. ಇಲ್ಲಿ ಯಾರೂ ಒಳಗಿನವರ ಕಡೆಯಿಂದ ಮಾತನಾಡಿಲ್ಲ. ಒಳಗಿನವರು ಎಂದರೆ ಕೈದಿಗಳಲ್ಲ, ಅವರ ಜೊತೆ ಹಗಲು ರಾತ್ರಿ ಇರುವ ನಮ್ಮಂಥವರು.

ಹೊರಗಿನವರಿಗೆ ಸನ್ನಡತೆ ಎಂದರೆ ನಗೆ ಬರುತ್ತದೆ. ನಮಗೆ ಅದು ಎತ್ತಿನ ಮೂಗುದಾರ. ಒಂದು ಬ್ಯಾರಕ್ಕಿನಲ್ಲಿ ಐವತ್ತು ಜನ, ಕಾಯುವವನು ಒಬ್ಬ, ಅವನ ಕೈಯಲ್ಲಿ ಒಂದು ಲಾಠಿ. ಆ ಐವತ್ತು ಜನ ಸುಮ್ಮನೆ ಇರುವುದು ಲಾಠಿಯ ಹೆದರಿಕೆಗಲ್ಲ. ಜಗಳಕ್ಕೆ ಹೋದರೆ ಹಿಸ್ಟರಿ ಟಿಕೆಟ್ಟಿನಲ್ಲಿ, ಅಂದರೆ ಕೈದಿಯ ನಡತೆ ಬರೆದಿಡುವ ದಾಖಲೆಯಲ್ಲಿ, ಕೆಂಪು ಶಾಯಿ ಬೀಳುತ್ತದೆ, ಗಳಿಸಿದ ಮಾಫಿಯ ದಿನಗಳು ಹೋಗುತ್ತವೆ ಎಂಬ ಹೆದರಿಕೆಗೆ. ನನ್ನ ಪಹರೆಯಲ್ಲಿದ್ದ ಒಬ್ಬ ಜೀವಾವಧಿ ಕೈದಿ, ಅಣ್ಣನನ್ನೇ ಹೊಲದ ಬದುವಿನ ಜಗಳಕ್ಕೆ ಕೊಡಲಿಯಿಂದ ಕಡಿದವನು, ಮಾಫಿಯ ದಿನಗಳನ್ನು ಜೋಳದ ಕಾಳಿನಲ್ಲಿ ಎಣಿಸಿ ಒಂದು ಚಿಂದಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದ. ತಪಾಸಣೆಯ ದಿನ ಹೊಸ ವಾರ್ಡರ್ ಹುಡುಗನೊಬ್ಬ ಆ ಗಂಟನ್ನು ಬಿಚ್ಚಿ ಚೆಲ್ಲಿದಾಗ ಅವನು ಕೈ ಎತ್ತಲಿಲ್ಲ, ಕುಳಿತು ಒಂದೊಂದೇ ಆರಿಸಿದ. ಮಾಫಿ ಎಂಬುದೇ ಇಲ್ಲದವನಾಗಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತೋ ನನಗೆ ಗೊತ್ತಿದೆ.

ಆದ್ದರಿಂದ "ಸಾಯುವತನಕ ಒಳಗೆ" ಎಂದು ಇಲ್ಲಿ ಸುಲಭವಾಗಿ ಬರೆಯುವವರು, ಅವನ ಬಾಗಿಲು ತೆರೆದು ಊಟದ ತಟ್ಟೆ ಕೊಡುವವನ ಬಗ್ಗೆಯೂ ಒಂದು ಕ್ಷಣ ಯೋಚಿಸಿರಿ. ನಾನು ಗಲ್ಲಿನ ಪರವಾಗಿಯೂ ಇಲ್ಲ. ಮರಣದಂಡನೆಯ ಕೈದಿಗೂ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಬೀಜದಂಗಡಿ, ರಾಣೇಬೆನ್ನೂರು:
ಕಾಕಾ, ನೀವು ಹೇಳಿದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಆದರೂ ಒಳಗಿನ ಶಿಸ್ತಿಗಾಗಿ ಹೊರಗಿನ ಜನರ ಜೀವವನ್ನು ಪಣಕ್ಕಿಡಬೇಕೇ?

ಕೋರ್ಟ್ ಸರ್ಕಲ್:
ಪಹರೆ ಸಾಹೇಬರು ಹೇಳಿದ ಹೆದರಿಕೆ ಕಾನೂನಿಗೂ ಹೊಸದಲ್ಲ. ಹಳೆಯ ದಂಡ ಸಂಹಿತೆಯಲ್ಲಿ 303 ಎಂಬ ಕಲಂ ಇತ್ತು. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಗಲ್ಲು, ಬೇರೆ ಮಾತೇ ಇಲ್ಲ. ಅದು ಮುಖ್ಯವಾಗಿ ಜೈಲು ಸಿಬ್ಬಂದಿಯ ರಕ್ಷಣೆಗೆಂದು ಇದ್ದದ್ದು. 1983ರಲ್ಲಿ ಮಿಥು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾಕೆ ಕೊಂದ, ಹೇಗೆ ಕೊಂದ ಎಂದು ನೋಡುವ ಅಧಿಕಾರವನ್ನೇ ನ್ಯಾಯಾಧೀಶರ ಕೈಯಿಂದ ಕಿತ್ತುಕೊಳ್ಳುವ ಕಾನೂನು ನ್ಯಾಯವಲ್ಲ ಎಂಬುದು ಅದರ ತಿರುಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 104ನೆಯ ಕಲಮಿನಲ್ಲಿ ಈಗ ಎರಡು ಆಯ್ಕೆಗಳಿವೆ: ಗಲ್ಲು, ಇಲ್ಲವೇ ಸಹಜ ಆಯುಷ್ಯ ಮುಗಿಯುವವರೆಗೆ ಸೆರೆ. ಅತ್ಯಾಚಾರವನ್ನು ಎರಡನೆಯ ಬಾರಿ ಮಾಡಿದವನಿಗೂ 71ನೆಯ ಕಲಮಿನಲ್ಲಿ ಇವೇ ಎರಡು.

ಆದರೆ ಸಾಮಾನ್ಯ ಕೊಲೆ ಪ್ರಕರಣದಲ್ಲಿ ಒಂದು ತೊಡಕಿದೆ, ಇದನ್ನು ಯಾರೂ ಗಮನಿಸುವುದಿಲ್ಲ. ಮಾಫಿ ಇಲ್ಲದ ಜೀವಾವಧಿ ಎಂಬ ನಡುವಿನ ಶಿಕ್ಷೆ ಹುಟ್ಟಿದ್ದು ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ, 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಲ್ಲಿ. ಹದಿನಾಲ್ಕು ವರ್ಷಕ್ಕೆ ಬಿಡುವುದು ತೀರ ಕಡಿಮೆ, ಗಲ್ಲು ತೀರ ಹೆಚ್ಚು ಎನಿಸಿದಾಗ ನ್ಯಾಯಾಲಯ ಏನು ಮಾಡಬೇಕು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಅದು. 2015ರಲ್ಲಿ ಶ್ರೀಹರನ್ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಒಪ್ಪಿತು, ಆದರೆ ಆ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗೆ ಮಾತ್ರ ಎಂದಿತು. ಹಾಗಾಗಿ ಗದಗದ ಅಥವಾ ಹಾವೇರಿಯ ಸೆಷನ್ಸ್ ನ್ಯಾಯಾಧೀಶರು ಕೊಲೆಗಾರನ ಮುಖ ನೋಡುತ್ತ, ಸತ್ತವರ ತಾಯಿಯ ಅಳು ಕೇಳುತ್ತ ಕುಳಿತಾಗ ಅವರ ಮುಂದೆ ಇರುವುದು ಎರಡೇ ಬಾಗಿಲು. ಇವನು ಎಂದೂ ಹೊರಗೆ ಬರಬಾರದು ಎಂದು ಅವರಿಗೆ ಅನಿಸಿದರೆ ಅದನ್ನು ಬರೆಯಲು ಇರುವ ಶಬ್ದ "ಗಲ್ಲು" ಒಂದೇ. ಹೈಕೋರ್ಟಿನ ಧಾರವಾಡ ಪೀಠಕ್ಕೆ ದೃಢೀಕರಣಕ್ಕೆ ಬರುವ ಕೆಲವು ಮರಣದಂಡನೆಗಳ ಹಿಂದೆ ಈ ಇಕ್ಕಟ್ಟೇ ಇದೆ ಎಂಬುದು ನನ್ನ ಖಾಸಗಿ ಅಭಿಪ್ರಾಯ. ಬಳ್ಳಾರಿ ಜಿಲ್ಲೆಯ ಐವರ ಕೊಲೆ ಪ್ರಕರಣದಲ್ಲಿ ನಮ್ಮ ಪೀಠ 2023ರಲ್ಲಿ ಗಲ್ಲು ಖಾಯಂ ಮಾಡಿತು, 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾಯುವವರೆಗಿನ ಸೆರೆಗೆ ಇಳಿಸಿತು. ಸೆಷನ್ಸ್ ಕೋರ್ಟಿಗೇ ಆ ಅಧಿಕಾರ ಇದ್ದರೆ ಎಷ್ಟೋ ಅಲೆದಾಟ ಉಳಿಯುತ್ತದೆ.

ಸಾಧನಕೇರಿ ಮಾಸ್ತರ:
ವಕೀಲ ಸಾಹೇಬರ ಮಾಹಿತಿಗೆ ವಂದನೆಗಳು, ಆದರೆ ತೀರ್ಮಾನಕ್ಕೆ ನನ್ನ ತಕರಾರಿದೆ. 1980ರ ಬಚ್ಚನ್ ಸಿಂಗ್ ತೀರ್ಪು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದದ್ದನ್ನು ಎಲ್ಲರೂ ಹೇಳುತ್ತಾರೆ. ಅಪರಾಧಿ ಸುಧಾರಿಸುವ ಸಾಧ್ಯತೆಯೇ ಇಲ್ಲ ಎಂಬುದನ್ನು ಸರ್ಕಾರ ಸಾಕ್ಷ್ಯದೊಂದಿಗೆ ತೋರಿಸಬೇಕು ಎಂದೂ ಅದೇ ತೀರ್ಪು ಹೇಳಿದೆ, ಅದನ್ನು ಮಾತ್ರ ಮರೆಯುತ್ತಾರೆ. ಎ.ಪಿ. ಶಾ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2015ರ 262ನೆಯ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವುದನ್ನು ಬಿಟ್ಟು ಉಳಿದೆಲ್ಲ ಅಪರಾಧಗಳಿಗೆ ಗಲ್ಲು ತೆಗೆಯಿರಿ ಎಂದಿತು. ಈಗ ಸಾಯುವತನಕ ಸೆರೆ ಎಂಬುದನ್ನು ಕೆಳಗಿನ ಕೋರ್ಟುಗಳಿಗೂ ಕೊಟ್ಟರೆ, ಇಂದು ಸಾಮಾನ್ಯ ಜೀವಾವಧಿ ಸಿಗುವ ಪ್ರಕರಣಗಳಿಗೆಲ್ಲ ನಾಳೆ ಅದೇ ಬೀಳುತ್ತದೆ. ಗಲ್ಲು ಕಡಿಮೆಯಾಗುವುದಿಲ್ಲ, ಜೀವಾವಧಿ ಭಾರವಾಗುತ್ತದೆ, ಅಷ್ಟೇ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೊಂದವನೂ ಅರವತ್ತರಲ್ಲಿ ಅಲ್ಲಿ ಕುಳಿತವನೂ ಒಬ್ಬನೇ ಮನುಷ್ಯ ಎಂದು ನಾನಂತೂ ಒಪ್ಪುವುದಿಲ್ಲ. ನನ್ನ ಕೈಯಲ್ಲಿ ಏಟು ತಿಂದ ಎಷ್ಟೋ ಪುಂಡ ಹುಡುಗರು ಇಂದು ನನಗಿಂತ ಸಭ್ಯರಾಗಿದ್ದಾರೆ.

ಹಾನಗಲ್ಲಿನವ:
ಮಾಸ್ತರರೇ, ಕಿಟಕಿ ಗಾಜು ಒಡೆದವನಿಗೂ ಕೊರಳು ಕೊಯ್ದವನಿಗೂ ಒಂದೇ ಪಾಠವೇ?

ಬೆಟಗೇರಿ ಅಕ್ಕ:
ನಾನು ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನನ್ನ ತವರಿನಲ್ಲಿ ನಮ್ಮ ಅಣ್ಣನನ್ನು ಕೊಂದವನು ಜೀವಾವಧಿ ಶಿಕ್ಷೆಯಲ್ಲಿದ್ದಾನೆ. ತೀರ್ಪಿನ ದಿನ ನಮ್ಮ ವೈನಿ ಗಲ್ಲು ಆಗಲಿಲ್ಲವೆಂದು ಕೋರ್ಟಿನ ಮೆಟ್ಟಿಲ ಮೇಲೆಯೇ ಕುಸಿದು ಕುಳಿತಳು. ಇಂದು ಅದೇ ವೈನಿಯನ್ನು ಕೇಳಿದರೆ ಗಲ್ಲಿನ ಮಾತೇ ಎತ್ತುವುದಿಲ್ಲ. ಅವಳಿಗೆ ಬೇಕಾದದ್ದು ಬೇರೆ. ಹೋದ ವರ್ಷ ಹಬ್ಬದ ಸಂತೆಗೆ ಹೋದವಳು ಬಸ್ ನಿಲ್ದಾಣದಲ್ಲಿ ಗಿರಮಿಟ್ಟು ಕಟ್ಟಿಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೈ ಚಾಚಿ ಚಿಲ್ಲರೆ ಕೊಟ್ಟವನು ಅವನೇ. ಪೆರೋಲ್ ಮೇಲೆ ಬಂದಿದ್ದನಂತೆ. ಅವನು ಏನೂ ಮಾಡಲಿಲ್ಲ, ನೋಡಲೂ ಇಲ್ಲ, ಪೊಟ್ಟಣ ಹಿಡಿದುಕೊಂಡು ಹೋದ. ವೈನಿ ಮಾತ್ರ ಬಿಸಿಲಲ್ಲಿ ನಿಂತಲ್ಲಿಯೇ ನಡುಗಿದಳು, ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದಳು.

ಅವನು ಬರುತ್ತಾನೆಂದು ನಮಗೆ ಮೊದಲೇ ಒಂದು ಮಾತು ಹೇಳಿದ್ದರೆ ಅಂದು ಅವಳು ಮನೆಯಲ್ಲಿಯೇ ಇರುತ್ತಿದ್ದಳು. ನೀವು ಗಲ್ಲು, ಸೆರೆ ಎಂದು ಎಷ್ಟೆಲ್ಲ ಬರೆದಿದ್ದೀರಿ. ನಮ್ಮಂಥ ಮನೆಗಳಿಗೆ ಒಂದು ಫೋನ್ ಕರೆ ಮಾಡಬೇಕೆಂಬ ಕಾನೂನಿನ ಬಗ್ಗೆ ಯಾರೂ ಬರೆಯಲಿಲ್ಲ.

ನಿವೃತ್ತ ಪಹರೆ:
ಅಕ್ಕಾವರೇ, ನೀವು ಹೇಳಿದ್ದು ಸರಿ. ಪೆರೋಲಿಗೆ ಮೊದಲು ಪೊಲೀಸರ ವರದಿ ತರಿಸುತ್ತಾರೆ. ಆದರೆ ಆ ವರದಿಗಾಗಿ ಕೇಳುವಾಗ ಸತ್ತವರ ಮನೆಯ ಬಾಗಿಲಿಗೆ ಹೋಗುವವರು ಕಡಿಮೆ.

ಉಣಕಲ್ ಕೆರೆ ದಂಡೆ:
ಅಕ್ಕಾ, ಇದನ್ನು ಓದಿ ನಾನು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡೆ. ವಾದ ಬದಲಾಗಲಿಲ್ಲ, ಆದರೆ ನನ್ನ ಧಾಟಿ ಸರಿಯಿರಲಿಲ್ಲ.

ಮುಳಗುಂದ ನಾಕಾ:
ನಾಲ್ಕು ದಿನ ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮೆ ಇರಲಿ. ವಕೀಲ ಸಾಹೇಬರು ಲೆಕ್ಕ ಕೂಡುವುದಿಲ್ಲ ಎಂದದ್ದು ತಲೆಯಲ್ಲಿ ಕೊರೆಯುತ್ತಿತ್ತು. ಪರಿಚಯದ ಒಬ್ಬ ಗುಮಾಸ್ತರ ಮೂಲಕ ಹಳೆಯ ಪ್ರಕರಣದ ತೀರ್ಪಿನ ನಕಲು ತರಿಸಿದೆ. ಅವನನ್ನು ಸನ್ನಡತೆಯ ಮೇಲೆ ಬಿಟ್ಟಿರಲಿಲ್ಲ. ಅವನಿಗೆ ಶಿಕ್ಷೆಯೇ ಆಗಿರಲಿಲ್ಲ. ಎರಡೂವರೆ ವರ್ಷ ವಿಚಾರಣಾಧೀನ ಕೈದಿಯಾಗಿದ್ದು, ಸಾಕ್ಷ್ಯವಿಲ್ಲವೆಂದು ಖುಲಾಸೆಯಾಗಿ ಬಂದಿದ್ದ. ಅದನ್ನೇ ನಮ್ಮ ಓಣಿಯವರು ಜೈಲು, ಸನ್ನಡತೆ ಎಂದು ಕಥೆ ಮಾಡಿಕೊಂಡಿದ್ದೆವು.

ತೀರ್ಪಿನ ಹನ್ನೊಂದನೆಯ ಪುಟದಲ್ಲಿ ಪ್ರತಿಕೂಲರಾದ, ಅಂದರೆ ಪೊಲೀಸರಿಗೆ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳದೆ ಹಿಂದೆ ಸರಿದ ಸಾಕ್ಷಿಗಳ ಹೆಸರುಗಳಿವೆ. ನಾಲ್ಕನೆಯ ಹೆಸರು ನನ್ನ ಸೋದರಮಾವನದು.

ಸಂಜೆ ಮಾವನ ಮನೆಗೆ ಹೋಗಿ ಆ ಕಾಗದವನ್ನು ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ. ಅಂದು ಬೆಳಿಗ್ಗೆ ಬೋರ್‌ವೆಲ್ಲಿನ ಬಳಿ ಅವನು ಅಂಗಿಯ ತೋಳು ತೊಳೆಯುತ್ತಿದ್ದುದನ್ನು ಮಾವ ಕಣ್ಣಾರೆ ನೋಡಿದ್ದರು, ಪೊಲೀಸರ ಮುಂದೆ ಹೇಳಿಯೂ ಇದ್ದರು. ಸಮನ್ಸ್ ಬಂದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಅವನ ತಮ್ಮಂದಿರು ಎರಡು ಸಲ ಹೊಲಕ್ಕೆ ಬಂದು ಸುಮ್ಮನೆ ಬದುವಿನ ಮೇಲೆ ಕುಳಿತು ಎದ್ದು ಹೋಗಿದ್ದರಂತೆ, ಮಾತೂ ಆಡಿರಲಿಲ್ಲವಂತೆ. ಕಟಕಟೆಯಲ್ಲಿ ಮಾವ "ನಾ ಏನೂ ನೋಡಿಲ್ರಿ ಸಾಹೇಬ್ರ" ಎಂದು ಒಂದೇ ಮಾತು ಹೇಳಿ ಇಳಿದರಂತೆ. ಉಳಿದವರದೂ ಅದೇ ಉತ್ತರ. ಆಮೇಲೆ ನನಗೆ ಕೇಳಿದರು, "ಆಗ ನೀನಿದ್ರ ಏನ್ ಮಾಡ್ತಿದ್ದಿ?" ನಾನು ಉತ್ತರ ಕೊಡಲಿಲ್ಲ.

ಬೀಜದಂಗಡಿ, ರಾಣೇಬೆನ್ನೂರು:
ಅಣ್ಣಾ, ಇದನ್ನು ಇಲ್ಲಿ ಬರೆಯಲು ಧೈರ್ಯ ಬೇಕು. ಆ ಹಳೆಯ ಪ್ರಕರಣವನ್ನು ಈಗ ಮತ್ತೆ ತೆರೆಯಲು ಬರುವುದಿಲ್ಲವೇ?

ಕೋರ್ಟ್ ಸರ್ಕಲ್:
ಬರುವುದಿಲ್ಲ. ಒಮ್ಮೆ ಖುಲಾಸೆಯಾಗಿ ಆ ತೀರ್ಪು ಅಂತಿಮವಾದ ಮೇಲೆ ಅದೇ ಆರೋಪಕ್ಕೆ ಎರಡನೆಯ ವಿಚಾರಣೆ ಇಲ್ಲ. ಇನ್ನೂ ಕಹಿಯಾದ ಮಾತು ಕೇಳಿ. ಈ ಇಡೀ ಚರ್ಚೆಯನ್ನು ನಾವು "ಮತ್ತೆ ಮತ್ತೆ ಅಪರಾಧ ಮಾಡುವವನು" ಎಂದುಕೊಂಡು ನಡೆಸಿದೆವು. ಕಾನೂನಿನ ಕಣ್ಣಿಗೆ ಈ ಮನುಷ್ಯನಿಗೆ ಇದು ಮೊದಲ ಆರೋಪದಂತೆಯೇ. ಅಪರಾಧ ಸಾಬೀತಾದರೂ ಅವನ ವಕೀಲರು ಎದ್ದು ನಿಂತು ಹಿಂದಿನ ಯಾವ ಶಿಕ್ಷೆಯೂ ಇಲ್ಲ, ದಯೆ ತೋರಿರಿ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ನನ್ನ ಇಪ್ಪತ್ತಾರು ವರ್ಷದ ವಕೀಲಿಯಲ್ಲಿ ಕೊಂದು ಮತ್ತೆ ಕೊಂದವರೆಂದು ಊರು ಬೆರಳು ತೋರಿಸಿದವರ ಕಡತಗಳನ್ನು ತೆರೆದಾಗ ಹೆಚ್ಚಾಗಿ ಕಂಡದ್ದು ಮಾಫಿಯ ಆದೇಶವಲ್ಲ, ಇಂಥ ಖುಲಾಸೆ ಅಥವಾ ಜಾಮೀನು.

ಹಾನಗಲ್ಲಿನವ:
ಹಾಗಾದರೆ ಕಾನೂನಿನಲ್ಲಿ ಗಲ್ಲು ಇದ್ದರೂ ಇಲ್ಲದಿದ್ದರೂ ಇವನಿಗೆ ಒಂದೇ.

ಸಾಧನಕೇರಿ ಮಾಸ್ತರ:
ಹಾನಗಲ್ಲಿನವರು ಮತ್ತು ನಾನು ಒಪ್ಪಿದ ಮೊದಲ ವಾಕ್ಯ ಇದು.

ಮುಳಗುಂದ ನಾಕಾ:
ಇನ್ನೊಂದು ಸಂಗತಿಯನ್ನು ಮೊದಲ ದಿನವೇ ಬರೆಯಬೇಕಿತ್ತು, ಬರೆಯಲಿಲ್ಲ. ಅಜ್ಜಿ ಸತ್ತ ದಿನ ಮಧ್ಯಾಹ್ನ ಅವನು ಆಕೆಯ ಹಿತ್ತಲ ಬಾಗಿಲಿನಿಂದ ಹೊರಗೆ ಬಂದದ್ದನ್ನು ನನ್ನ ಹೆಂಡತಿ ನೋಡಿದ್ದಾಳೆ. ಪೊಲೀಸರಿಗೆ ಹೇಳಿದ್ದಾಳೆ. ಆದರೆ ಮನೆಯ ಹಿರಿಯರೆಲ್ಲ ಹೆಣ್ಣುಮಗಳು ಕೋರ್ಟಿಗೆ ಹೋಗುವುದು ಬೇಡ, ಮುಂದೆ ನೋಡಿಲ್ಲ ಎಂದರಾಯಿತು ಎನ್ನುತ್ತಿದ್ದಾರೆ. ನಾನೂ ಮೂರು ವಾರ ಹಾಗೆಯೇ ಯೋಚಿಸುತ್ತ, ಇಲ್ಲಿ ಕುಳಿತು ಗಲ್ಲಿನ ಪ್ರಶ್ನೆ ಕೇಳುತ್ತಿದ್ದೆ. ವಕೀಲ ಸಾಹೇಬರೇ, ಈಗ ಏನು ಮಾಡಬೇಕು?

ಕೋರ್ಟ್ ಸರ್ಕಲ್:
ಮೊದಲು ತಂಗಿಯವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವಂತೆ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 164ನೆಯ ಕಲಂ ಆಗಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 183. ನೆನಪು ತಾಜಾ ಇರುವಾಗ ಪ್ರಮಾಣ ಮಾಡಿ ಹೇಳಿದ ಮಾತು ಎರಡು ವರ್ಷದ ಮೇಲೆ ಬರುವ ಬೆದರಿಕೆಗೆ ಸುಲಭವಾಗಿ ಅಲುಗಾಡುವುದಿಲ್ಲ. ಎರಡನೆಯದಾಗಿ, 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿ. ಅವನ ಕಡೆಯವರು ಯಾರಾದರೂ ಬಂದು ಸುಮ್ಮನೆ ಬದುವಿನ ಮೇಲೆ ಕುಳಿತರೂ ದಿನಾಂಕ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ, ಅದೂ ಬೆದರಿಕೆಯೇ. ಅರ್ಜಿಯ ಕರಡನ್ನು ನಾನು ಬರೆದು ಕಳಿಸುತ್ತೇನೆ, ಶುಲ್ಕ ಬೇಡ.

ಬೆಟಗೇರಿ ಅಕ್ಕ:
ತಂಗಿಗೆ ಜೊತೆ ಬೇಕಿದ್ದರೆ ನಾನು ಬರುತ್ತೇನೆ. ಆ ಮೆಟ್ಟಿಲುಗಳೆಲ್ಲ ನನಗೆ ಪರಿಚಯವಿವೆ.

ಮುಳಗುಂದ ನಾಕಾ:
ಅಕ್ಕಾವರೇ, ಖಂಡಿತ ಬನ್ನಿ. ಅರ್ಜಿ ಕೊಡಲು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಮಾವನೂ ಬರುತ್ತೇನೆಂದಿದ್ದಾರೆ. ಒಳಗೆ ಮಾತ್ರ ಬರುವುದಿಲ್ಲವಂತೆ, ಎದುರಿನ ಚಹಾದಂಗಡಿಯಲ್ಲಿ ಕುಳಿತಿರುತ್ತಾರಂತೆ.